ತಂತ್ರಾಂಶದ ಸಿದ್ಧಿಯೂ ಪ್ರಕಟನೆಯೂ

ತಂತ್ರಾಂಶವು ಸಿದ್ಧವಾದ ಮೇಲೆಯೂ ಜನರ ಕೈಸೇರಲು ವಿಳಂಬವೇಕೆಂಬುದು ಹಲವರ ಶಂಕೆ. ರಚಿಸಿದವರ ಆಲಸ್ಯವೇ ಕಾರಣವೆಂಬ ಮತವು ಸಾಧುವಲ್ಲವೆಂಬುದು ಡೆಬಿಯನ್ನಿನ ಚರಿತ್ರೆಯಿಂದ ವಿದಿತವಾಗುತ್ತದೆ.

ಡೆಬಿಯನ್ ಎಂಬುದು ಗಣಕಯಂತ್ರವನ್ನು ನಡೆಸುವ ತಂತ್ರಾಂಶಗಳ ಸಂಚಯ; ನಾನಾ ದೇಶಗಳ ಸ್ವಯಂಸೇವಕರಿಂದ ರಚಿತವಾದುದು. 2000ದಲ್ಲಿ ಹೊರಬಂದ ಇದರ ‘ಪೊಟೇಟೊ’ ಆವೃತ್ತಿಯು 6 ಬಗೆಯ ಗಣಕರಚನೆಗಳಲ್ಲಿ ನಡೆಯುತ್ತಿದ್ದಿತು. ಅನಂತರದ ‘ವುಡಿ’ಯಾದರೋ 11ರಲ್ಲಿ. 2002ನೆಯ ಮೇ ತಿಂಗಳ ವೇಳೆಗೆ ವುಡಿಯು ಬಹುಮಟ್ಟಿಗೆ ಸಿದ್ಧವಾಗಿದ್ದರೂ ಜುಲೈ 19ರವರೆಗೆ ಪ್ರಕಟವಾಗಲಿಲ್ಲ. ಪ್ರಕಟನೆಯ ಅನಂತರ ಭದ್ರತಾದೋಷವೊಂದು ಕಂಡುಬಂದಲ್ಲಿ, ಅದರ ಪರಿಹಾರವನ್ನು ಆ 11 ರಚನೆಗಳಿಗೂ ಬೇರೆಬೇರೆಯಾಗಿ ಅಣಿಗೊಳಿಸಿ ಏಕಕಾಲದಲ್ಲಿ ಕೊಡಬೇಕು. ಒಂದಕ್ಕೆ ಮೊದಲೂ ಮತ್ತೊಂದಕ್ಕೆ ತಡವಾಗಿಯೂ ಕೊಟ್ಟರೆ, ಹೊರಬಿದ್ದ ಪರಿಹಾರವೇ ದೋಷದ ಸ್ಥಾನವನ್ನು ದುಷ್ಟರಿಗೆ ತೋರಿಸಿಕೊಡುವುದು. ಇದಕ್ಕೆ ಬೇಕಾದ ವ್ಯವಸ್ಥೆಯು ಆಗ ಇನ್ನೂ ಸಿದ್ಧವಾಗಿರಲಿಲ್ಲ.

ಅಚ್ಚಾದ ಗ್ರಂಥಕ್ಕೆ ಶುದ್ಧಿಪತ್ರವನ್ನು ಸಾವಕಾಶವಾಗಿ ಸೇರಿಸಬಹುದು. ತಂತ್ರಾಂಶದ ದೋಷವನ್ನು ಕಂಡೊಡನೆ ನೀಗಬೇಕು. ಆದುದರಿಂದ ದೋಷನಿವಾರಣೆಯ ಸಾಮರ್ಥ್ಯವೂ ಸಿದ್ಧಿಯ ಒಂದು ಅಂಗವೇ ಆಗಿದೆ. ಆ ಅಂಗವು ಕೂಡಿಬರುವವರೆಗೆ ತಡೆದು ನಿಲ್ಲಿಸುವುದು ಬಳಸುವವರ ರಕ್ಷಣೆಗಾಗಿಯೇ ಎಂದು ತಿಳಿಯತಕ್ಕದ್ದು.