ಮೂರಡಿ ಯಾರ ಪಾಲಿಗೆ?

ಕಳೆದ ಬೇಸಿಗೆಯಲ್ಲಿ ಜವಳಗೇರಾದ ನಮ್ಮ ಗದ್ದೆಗೆ ಪೈಪ್‌ಲೈನ್ ಹಾಕಿಸಬೇಕಿತ್ತು. ಕಾಲುವೆ ಕಡೆಯಿಂದ ಮೊದಲು ಅಪ್ಪನ ಪಾಲು, ಆಮೇಲೆ ಕಾಕಾನದು, ನಡುವೆ ಒಂದು ಕಲ್ಲು. ಅಡಿ ಲೆಕ್ಕದಲ್ಲಿ ದುಡ್ಡು. ಯಾರ ಹೊಲದಲ್ಲಿ ಎಷ್ಟು ಅಡಿಯೋ ಅಷ್ಟು ಅವರೇ ಕೊಡಬೇಕು. ಟೇಪ್ ಹಿಡಿದು ಅಳೆದೆವು. ಅಪ್ಪನದು 198 ಅಡಿ, ಕಾಕಾನದು 204. ಖಾತ್ರಿಗಿರಲಿ ಎಂದು ಆ ತುದಿಯಿಂದ ಈ ತುದಿವರೆಗೆ ಮತ್ತೊಮ್ಮೆ ಅಳೆದರೆ 402 ಬರಬೇಕಲ್ಲ? ಬಂದದ್ದು 399!

‘ನನ್ನ ಕಡೆ ಟೇಪ್ ಸಡ್ಲಿತ್ತು, ನಂದು 195 ಹಿಡಿ’ ಅಂದರು ಅಪ್ಪ. ‘ಯಾಕಣ್ಣ, ನಂದ 201 ಹಿಡಿ’ ಅಂದರು ಕಾಕಾ. ಮೂರಡಿಯ ದುಡ್ಡು ದೊಡ್ಡದೇನಲ್ಲ. ಆದರೆ ನೀರಿನ ಪಾಳಿ ವಿಷಯಕ್ಕೆ ಇಬ್ಬರೂ ಆರು ತಿಂಗಳು ಮಾತು ಬಿಟ್ಟು, ಆಗಷ್ಟೇ ಒಂದಾಗಿದ್ದರು. ನನಗೆ ಎದೆ ಧಸಕ್ ಎಂದಿತು.

ಅ = 198, ಕ = 204, ಅ + ಕ = 399. ಮೂರನ್ನೂ ಒಟ್ಟಿಗೆ ನಿಜ ಮಾಡುವ ಅ, ಕ ಎಲ್ಲೂ ಇಲ್ಲ. ಹೈಸ್ಕೂಲಿನಲ್ಲಾದರೆ ‘ಪರಿಹಾರವಿಲ್ಲ’ ಎಂದು ಬರೆದು ಮಾರ್ಕ್ಸ್ ತಗೊಳ್ಳಬಹುದಿತ್ತು. ಹೊಲದಲ್ಲಿ ಹಾಗೆ ಬರೆದರೆ ಪೈಪ್ ಬೀಳುವುದಿಲ್ಲ.

ಬಿಎಸ್ಸಿಯಲ್ಲಿ ಕಲಿತ ಕನಿಷ್ಠ ವರ್ಗಗಳ ವಿಧಾನ ಆಗ ನೆನಪಾಯಿತು. ಮೂರೂ ಅಳತೆ ಸ್ವಲ್ಪ ಸ್ವಲ್ಪ ತಪ್ಪಿವೆ ಎಂದುಕೊಳ್ಳಿ. ಒಂದೊಂದರ ತಪ್ಪನ್ನೂ ವರ್ಗ ಮಾಡಿ ಕೂಡಿಸಿದಾಗ ಮೊತ್ತ ಆದಷ್ಟು ಚಿಕ್ಕದಾಗಬೇಕು. ಅಪ್ಪ ಹೇಳಿದಂತೆ ಮೂರಡಿ ತಪ್ಪನ್ನು ಒಂದೇ ಅಳತೆಯ ತಲೆಗೆ ಕಟ್ಟಿದರೆ ಮೊತ್ತ 9. ಮೂರಕ್ಕೂ ಒಂದೊಂದು ಅಡಿ ಹಂಚಿದರೆ ಬರೀ 3. ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. ಅವಕಲನ ಹಾಕಿದರೆ 2ಅ + ಕ = 597, ಅ + 2ಕ = 603 ಎಂಬ ಎರಡು ಸಮೀಕರಣ ಸಿಗುತ್ತವೆ; ಬಿಡಿಸಿದರೆ ಅಪ್ಪನಿಗೆ 197, ಕಾಕಾಗೆ 203.

ಈ ವಿಧಾನವನ್ನು ಮೊದಲು ಅಚ್ಚು ಹಾಕಿಸಿದವನು ಫ್ರಾನ್ಸಿನ ಲೆಜಾಂಡ್ರ್, 1805ರಲ್ಲಿ, ಧೂಮಕೇತುಗಳ ಕಕ್ಷೆಯ ಬಗೆಗಿನ ಪುಸ್ತಕದಲ್ಲಿ. ತಾನು 1795ರಿಂದಲೇ ಇದನ್ನು ಬಳಸುತ್ತಿದ್ದೆ ಎಂದು ಜರ್ಮನಿಯ ಗೌಸ್ 1809ರಲ್ಲಿ ಹೇಳಿಕೊಂಡ. (ಪಾಲಿನ ಜಗಳ ನಮ್ಮ ಮನೆಯಲ್ಲಷ್ಟೇ ಅಲ್ಲ!) ನಮ್ಮ ನಾಡಿನ ನೆಲವೂ ಇದರ ರುಚಿ ಕಂಡಿದೆ. 1800ರಲ್ಲಿ ಬೆಂಗಳೂರಿನ ಹತ್ತಿರ, 1815ರಲ್ಲಿ ಬೀದರ್ ಕಡೆ ವಿಲಿಯಂ ಲ್ಯಾಂಬ್ಟನ್ ಉಕ್ಕಿನ ಸರಪಳಿ ಹಾಸಿ ಆಧಾರರೇಖೆ ಅಳೆದು, ಅಲ್ಲಿಂದ ತ್ರಿಕೋನಗಳ ಬಲೆ ನೇಯ್ದ. ಅಷ್ಟು ಜಾಗ್ರತೆ ವಹಿಸಿದರೂ ಒಂದೇ ಜಾಗಕ್ಕೆ ಎರಡು ದಾರಿಯಿಂದ ಹೋದ ಲೆಕ್ಕ ಚೂರು ಬೇರೆಯಾಗುತ್ತಿತ್ತು. ಮುಂದೆ ಜೇಮ್ಸ್ ವಾಕರ್ ಕಾಲದಲ್ಲಿ ದೇಶದ ಆ ಇಡೀ ಬಲೆಯ ತಪ್ಪುಗಳನ್ನು ಇದೇ ವಿಧಾನದಿಂದ ಹಂಚಿದರು, ಅದೂ ಕಂಪ್ಯೂಟರ್ ಇಲ್ಲದೆ.

ಇಷ್ಟೆಲ್ಲ ಹೇಳಿ ನಾನು ಬೀಗುತ್ತಿದ್ದಾಗ ಕಾಕಾ ತಡೆದರು: ‘ಪೂರಾ ಅಳಿವಾಗ ಟೇಪ್ ಎಷ್ಟ್ ಸಲ ಎತ್ತಿ ಇಟ್ಟೀವಿ? ಅದರಾಗ ತಪ್ಪು ಜಾಸ್ತಿ ಇರತೈತಿ. ಮೂರಕ್ಕೂ ಸಮ ಹೆಂಗ ಹಂಚ್ತಿ?’

ನಾನು ಸುಮ್ಮನಾದೆ. ಅವರು ಹೇಳಿದ್ದು ಪಠ್ಯದ ಮುಂದಿನ ಪಾಠ. ನಂಬಿಕೆ ಕಡಿಮೆ ಇರುವ ಅಳತೆಗೆ ತೂಕ ಕಡಿಮೆ ಕೊಡಬೇಕು. ಪೂರಾ ಅಳತೆಯ ತೂಕವನ್ನು ಅರ್ಧಕ್ಕೆ ಇಳಿಸಿದೆ. ಅದರ ಪಾಲಿಗೆ ಒಂದೂವರೆ ಅಡಿ ತಪ್ಪು, ಉಳಿದೆರಡಕ್ಕೆ ಮುಕ್ಕಾಲು ಮುಕ್ಕಾಲು. ಅಪ್ಪನಿಗೆ 197 ಅಡಿ 3 ಇಂಚು, ಕಾಕಾಗೆ 203 ಅಡಿ 3 ಇಂಚು.

ಇಬ್ಬರೂ ಚೀಟಿ ಓದಿ ತಲೆಯಾಡಿಸಿದರು. ಪೈಪ್ ಹಾಕಲು ಬಂದವನು ಅದೇ ಚೀಟಿ ನೋಡಿ, ‘ಈ ಮೂರಿಂಚಿಗೆ ನಾ ಎಷ್ಟ್ ರೊಕ್ಕ ಬರ್ಕೊಳ್ಳಲಿ?’ ಅಂದ. ಅಪ್ಪ, ಕಾಕಾ ಒಟ್ಟಿಗೇ ನಕ್ಕರು.