ಟಿಬಿ ಸಂಶೋಧನೆಗೆ ಕಂಪ್ಯೂಟರ್ ಬಲ್ಲವರೂ ಬೇಕು: ದೇರಳಕಟ್ಟೆಯಲ್ಲೇ ಇದೆ ದಾರಿ

ಶಕ್ತಿನಗರ: ಬಿಎಸ್ಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ಕೇಳಿಬರುವ ಹೊಸ ಶಬ್ದ ‘ಬಯೋಇನ್ಫರ್ಮ್ಯಾಟಿಕ್ಸ್’. ಜೀವಶಾಸ್ತ್ರದ ಲೆಕ್ಕವನ್ನು ಕಂಪ್ಯೂಟರ್‌ನಲ್ಲಿ ಮಾಡುವುದು ಅಂದರೆ ಅರ್ಧ ಉತ್ತರ ಆಯ್ತು. ಉಳಿದರ್ಧಕ್ಕೆ ಟಿಬಿಯ ಉದಾಹರಣೆ ಸಾಕು.

ಟಿಬಿ ರೋಗಾಣುವಿನ ಪೂರ್ತಿ ಜೀನೋಮ್ ಓದಿದ್ದು 1998ರಲ್ಲಿ. ಸುಮಾರು 44 ಲಕ್ಷ ಅಕ್ಷರ, 4,000ದಷ್ಟು ಜೀನ್. ಆದರೆ ಆ ಪಟ್ಟಿ ಪೂರ್ತಿ ಇರಲಿಲ್ಲ. 2011ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ದೆಹಲಿಯ ಐಜಿಐಬಿ ಜೊತೆ ಸೇರಿ ಬಿಟ್ಟುಹೋಗಿದ್ದ 41 ಜೀನ್‌ಗಳನ್ನು ಹುಡುಕಿಕೊಟ್ಟರು, 79 ಜೀನ್‌ಗಳ ವಿವರ ತಿದ್ದಿದರು.

ಹೇಗೆ? ಪಾಲಿಕೆಯ ಪಟ್ಟಿಯಲ್ಲಿ ಮನೆ ಇಲ್ಲ, ಆದರೆ ಅಲ್ಲಿ ಮೆಸ್ಕಾಂ ಮೀಟರ್ ಓಡ್ತಾ ಇದೆ ಅಂತಿಟ್ಟುಕೊಳ್ಳಿ. ಯಾರೋ ವಾಸ ಇದ್ದಾರೆ ಅಂತಲೇ ಅರ್ಥ. ಇಲ್ಲಿ ಮೀಟರ್ ಅಂದರೆ ಪ್ರೊಟೀನ್. ರೋಗಾಣುವಿನ ಪ್ರೊಟೀನನ್ನು ತುಂಡು ಮಾಡಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ತೂಗುತ್ತಾರೆ. ರಾಶಿ ರಾಶಿ ಅಂಕಿ ಬರ್ತದೆ. ಯಾವ ತುಂಡು ಜೀನೋಮಿನ ಯಾವ ಜಾಗದ್ದು ಅಂತ ಹೊಂದಿಸುವುದು ಕಂಪ್ಯೂಟರಿನವರ ಕೆಲಸ. ಪಟ್ಟಿಯಲ್ಲಿಲ್ಲದ ಜಾಗಕ್ಕೆ ತುಂಡು ಹೊಂದಿದರೆ ಅಲ್ಲೊಂದು ಜೀನ್ ಇದೆ ಅಂತ ಲೆಕ್ಕ.

ರೋಗಿಗೆ ಇದರಿಂದೇನು? ರಿಫಾಂಪಿಸಿನ್ ಮದ್ದು ತಾಗದ ಟಿಬಿಯಲ್ಲಿ ಹೆಚ್ಚಾಗಿ ಆರ್‌ಪಿಒಬಿ ಎಂಬ ಒಂದೇ ಜೀನ್ ಬದಲಾಗಿರ್ತದೆ. ಅದು ಗೊತ್ತಿರುವುದರಿಂದಲೇ ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಉತ್ತರ ಕೊಡ್ತದೆ. ಕಫದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದಾದರೆ ವಾರಗಟ್ಟಲೆ ಬೇಕು. ಅಷ್ಟು ದಿನ ರೋಗಿ ತಾಗದ ಮಾತ್ರೆ ನುಂಗುತ್ತಾ, ಮನೆಯವರಿಗೂ ಹರಡುತ್ತಾ ಇರುವ ಅಪಾಯ.

2011ರ ತಂಡದಲ್ಲಿದ್ದ ಡಾ. ಟಿ.ಎಸ್. ಕೇಶವ ಪ್ರಸಾದ್ ಮುಂದೆ ದೇರಳಕಟ್ಟೆಯ ಯೆನೆಪೋಯ ವಿವಿಯ ಸಿಸ್ಟಮ್ಸ್ ಬಯಾಲಜಿ ಕೇಂದ್ರವನ್ನು ಮುನ್ನಡೆಸಿದರು. ಶಕ್ತಿನಗರದಿಂದ ಬಸ್ಸಲ್ಲಿ ಹೋಗಿಬರುವ ದೂರ. ಪೈಥಾನ್, ಆರ್, ಲಿನಕ್ಸ್ ಮೂರೂ ಉಚಿತ, ಮನೆಯಲ್ಲೇ ಕಲಿಬಹುದು. ಟಿಬಿ ಜೀನೋಮ್ ಕೂಡ ಎನ್‌ಸಿಬಿಐ ಜಾಲತಾಣದಲ್ಲಿ ಯಾರಿಗೂ ಸಿಗ್ತದೆ. ಸ್ಟಾಟಿಸ್ಟಿಕ್ಸ್ ಕಷ್ಟ ಅಂತ ಬಿಟ್ಟರೆ ಮಾತ್ರ ಮುಂದೆ ಹೋಗುವುದು ಕಷ್ಟವೇ.

ಇನ್ನು ಸಂಬಳ. ಎಂಎಸ್ಸಿ ಮಾಡಿ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂ., ಮೇಲೆ ಮನೆ ಬಾಡಿಗೆ ಭತ್ಯೆ. ಸಿಗದವರಿಗೆ ಹೆಚ್ಚಾಗಿ ಪ್ರಾಜೆಕ್ಟ್ ಕೆಲಸ; ಅನುದಾನ ಮುಗಿದರೆ ಅದೂ ಮುಗಿಯಿತು. ಕೋರ್ಸಿನ ಬ್ಯಾನರಿನಲ್ಲಿ ಇದನ್ನು ಯಾರೂ ಹಾಕುವುದಿಲ್ಲ ಮಾರಾಯ್ರೆ. ಎಲ್ಲೇ ಸೇರುವುದಾದರೂ ಫೀಸ್ ಕಟ್ಟುವ ಮೊದಲು, ಹಿಂದಿನ ಬ್ಯಾಚಿನವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ ಅಂತ ಕೇಳಿ.