ಅಧ್ಯಾಯ 4: ಆರು ಮಂದಿ ಇದ್ದರೂ ದರೋಡೆಯಲ್ಲ

2024ರ ಅಕ್ಟೋಬರ್ 26 ನಾಲ್ಕನೇ ಶನಿವಾರ, 27 ಭಾನುವಾರ. ಎರಡು ದಿನದ ರಜೆ ಮುಗಿಸಿ ಸೋಮವಾರ ಬಂದ ಸಿಬ್ಬಂದಿಗೆ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಂಡದ್ದು ಕೊಯ್ದು ಬಿಟ್ಟ ಲಾಕರ್. ಕಿಟಕಿಯ ಕಬ್ಬಿಣದ ಸರಳು ತೆಗೆದು ಒಳನುಗ್ಗಿದವರು ಗ್ಯಾಸ್ ಕಟರ್ ಬಳಸಿ, ಗ್ರಾಹಕರು ಅಡವಿಟ್ಟಿದ್ದ ಸುಮಾರು 17.7 ಕಿಲೋ ಚಿನ್ನ ಹೊತ್ತೊಯ್ದಿದ್ದರು. ಸಿಸಿಟಿವಿಯ ದೃಶ್ಯ ದಾಖಲಾಗುವ ಡಿವಿಆರ್ ಕೂಡ ಇರಲಿಲ್ಲ. ನೆಲದ ಮೇಲೆ ಖಾರದ ಪುಡಿ ಚೆಲ್ಲಿತ್ತು. ಐದು ತಿಂಗಳ ತನಿಖೆಯ ನಂತರ, 2025ರ ಮಾರ್ಚ್ ಕೊನೆಯಲ್ಲಿ, ಆರು ಮಂದಿಯನ್ನು ಬಂಧಿಸಿರುವುದಾಗಿ ಪೊಲೀಸರು ತಿಳಿಸಿದರು. ಮಾಲಿನ ಹೆಚ್ಚಿನ ಪಾಲು ತಮಿಳುನಾಡಿನ ಮಧುರೈ ಜಿಲ್ಲೆಯ ಒಂದು ಬಾವಿಯಲ್ಲಿ ಸಿಕ್ಕಿತು.

ಜನರ ಬಾಯಲ್ಲೂ ಪತ್ರಿಕೆಗಳಲ್ಲೂ ಇದು ‘ನ್ಯಾಮತಿ ಬ್ಯಾಂಕ್ ದರೋಡೆ’. ಆದರೆ ಮೇಲೆ ಹೇಳಿದ ಸಂಗತಿಗಳನ್ನಷ್ಟೇ ಇಟ್ಟುಕೊಂಡು ‘ಇದು ಯಾವ ಕಲಂ?’ ಎಂದು ಪೊಲೀಸ್ ತರಬೇತಿ ಶಾಲೆಯಲ್ಲಿ ಕೇಳಿದರೆ, ‘ದರೋಡೆ’ ಎಂದ ಪ್ರಶಿಕ್ಷಣಾರ್ಥಿಗೆ ಅಂಕ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದನ್ನು ತಿಳಿದರೆ ಅಪರಾಧ ಕಾನೂನಿನ ಅರ್ಧ ಪಾಠ ತಿಳಿದಂತೆ.

ಪ್ರತಿ ಅಪರಾಧವೂ ಕೆಲವು ಅಂಶಗಳು ಕೂಡಿ ಆದದ್ದು. ಅಷ್ಟೂ ಇದ್ದರೆ ಮಾತ್ರ ಆ ಅಪರಾಧ. ಒಂದು ಕಡಿಮೆಯಾದರೆ ಅದು ಬೇರೆ ಅಪರಾಧವಾಗಬಹುದು, ಅಪರಾಧವೇ ಅಲ್ಲದೆಯೂ ಹೋಗಬಹುದು. ಐಮಂಗಲದ ಪೊಲೀಸ್ ತರಬೇತಿ ಶಾಲೆಯಲ್ಲಾಗಲಿ, ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಾಗಲಿ, ಕಾನೂನು ತರಗತಿ ಹೇಳಿಕೊಡುವುದು ಕಲಂ ಸಂಖ್ಯೆಗಳನ್ನಷ್ಟೇ ಅಲ್ಲ, ಹೀಗೆ ಬಿಡಿಸಿ ನೋಡುವ ಕ್ರಮವನ್ನೂ. ಸಂಖ್ಯೆಗಳು ಬದಲಾಗುತ್ತವೆ. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಂಗಳಿದ್ದದ್ದು 358 ಆಯಿತು. ಕಳವು 378ರಿಂದ 303ಕ್ಕೆ ಬಂದು ಕೂತಿತು. ಆದರೆ ಕಳವಿನ ಅಂಶಗಳು ದಂಡ ಸಂಹಿತೆಗೆ ಮೆಕಾಲೆ ಬರೆದ ಕರಡಿನ ಕಾಲದಿಂದ ಹೆಚ್ಚೇನೂ ಕದಲಿಲ್ಲ.

ಕಳವಿನ ಐದು ಅಂಶ

303ನೇ ಕಲಮನ್ನು ಬಿಡಿಸಿದರೆ ಸಿಗುವುದು ಇಷ್ಟು:

1. ಚರ ಸ್ವತ್ತು ಇರಬೇಕು.
2. ಅದು ಇನ್ನೊಬ್ಬರ ಸ್ವಾಧೀನದಲ್ಲಿರಬೇಕು.
3. ಅವರ ಒಪ್ಪಿಗೆ ಇರಬಾರದು.
4. ಅಪ್ರಾಮಾಣಿಕ ಉದ್ದೇಶ ಇರಬೇಕು.
5. ಒಯ್ಯುವುದಕ್ಕಾಗಿ ಸ್ವತ್ತನ್ನು ಕದಲಿಸಿರಬೇಕು.

ಮೊದಲನೆಯದು ಸುಲಭ. ಸೈಟು ಕಳವಾಗುವುದಿಲ್ಲ, ಸೈಟಿನಲ್ಲಿರುವ ತೆಂಗಿನ ಮರವನ್ನು ಕಡಿದ ಗಳಿಗೆಯಿಂದ ಅದು ಚರ ಸ್ವತ್ತು.

ಎರಡನೆಯದರಲ್ಲಿ ಹೊಸಬರು ಎಡವುತ್ತಾರೆ. ಕಾನೂನು ಕೇಳುವುದು ‘ಯಾರದ್ದು?’ ಎಂದಲ್ಲ, ‘ಯಾರ ಸ್ವಾಧೀನದಲ್ಲಿತ್ತು?’ ಎಂದು. ನ್ಯಾಮತಿಯ ಚಿನ್ನದ ಒಡೆಯರು ರೈತರು, ಗೃಹಿಣಿಯರು, ಅಂಗಡಿಯವರು. ಸ್ವಾಧೀನ ಮಾತ್ರ ಬ್ಯಾಂಕಿನದು. ಹಾಗಾಗಿ ಕಳವಾದದ್ದು ಬ್ಯಾಂಕಿನಿಂದ. ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ಅಡವಿಟ್ಟವರೇ ಸಾಲ ತೀರಿಸದೆ ರಾತ್ರಿ ಬಂದು ತಮ್ಮದೇ ಸರವನ್ನು ಎತ್ತಿಕೊಂಡು ಹೋದರೂ ಅದು ಕಳವು. ಅಡವಿಟ್ಟ ಸ್ವಂತ ಗಡಿಯಾರವನ್ನು ಕದಿಯುವವನ ಉದಾಹರಣೆ ಕಲಮಿನ ಕೆಳಗೇ ಇದೆ.

ಮೂರನೆಯದು ಒಪ್ಪಿಗೆ. ಅದು ಬಾಯಿಮಾತಿನದಾಗಿರಬಹುದು, ನಡೆದುಬಂದ ರೂಢಿಯಿಂದ ಹುಟ್ಟಿದ್ದೂ ಆಗಿರಬಹುದು. ಸ್ನೇಹಿತನ ಮನೆಯಲ್ಲಿ ಎಂದಿನಂತೆ ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಹೋಗಿ ಓದುವವನು ಕಳ್ಳನಲ್ಲ.

ನಾಲ್ಕನೆಯದು ಕಣ್ಣಿಗೆ ಕಾಣದ್ದು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಕಲ್ಯಾಣ ಮಂಟಪದ ಮುಂದೆ ಒಂದೇ ಬಣ್ಣದ, ಒಂದೇ ಮಾದರಿಯ ಎರಡು ಬೈಕ್ ನಿಂತಿವೆ ಎಂದುಕೊಳ್ಳಿ. ಹಳೆಯ ಬೀಗ, ಒಂದರ ಕೀಲಿ ಇನ್ನೊಂದಕ್ಕೂ ತಿರುಗಿತು. ತನ್ನದೇ ಎಂದು ನಂಬಿ ಮನೆಗೆ ಹೋದವನಲ್ಲಿ ಸ್ವತ್ತು, ಸ್ವಾಧೀನ, ಒಪ್ಪಿಗೆಯಿಲ್ಲದಿರುವುದು, ಕದಲಿಕೆ ಎಲ್ಲವೂ ಇವೆ. ಅಪ್ರಾಮಾಣಿಕತೆ ಇಲ್ಲ, ಹಾಗಾಗಿ ಕಳವೂ ಇಲ್ಲ. ಮರುದಿನ ನಂಬರ್ ನೋಡಿ ತಪ್ಪು ಗೊತ್ತಾದ ಮೇಲೂ ಸುಮ್ಮನೆ ಇಟ್ಟುಕೊಂಡರೆ ಕಥೆ ಬೇರೆಯಾಗುತ್ತದೆ. ಇನ್ನು ‘ವಾಪಸ್ ಕೊಡುವವನಿದ್ದೆ’ ಎಂಬ ಸಮಜಾಯಿಷಿ ಎಲ್ಲ ಕಡೆ ನಡೆಯುವುದಿಲ್ಲ. ಜೋಧಪುರದ ವಾಯುಪಡೆ ಅಕಾಡೆಮಿಯ ಕೆಡೆಟ್ ಒಬ್ಬ 1952ರಲ್ಲಿ ಅನುಮತಿಯಿಲ್ಲದೆ ತರಬೇತಿ ವಿಮಾನ ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿಸಿದ್ದ. ಸ್ವಲ್ಪ ಹೊತ್ತಿನ ಮಟ್ಟಿಗೆ ಸ್ವತ್ತನ್ನು ಒಯ್ದರೂ, ಅನ್ಯಾಯದ ಲಾಭ ಅಥವಾ ನಷ್ಟದ ಉದ್ದೇಶವಿದ್ದರೆ ಅದು ಕಳವೇ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು.

ಐದನೆಯದಕ್ಕೆ ಬೀದಿ ದಾಟಿಸಬೇಕಿಲ್ಲ. ಮೇಜಿನ ಮೇಲಿನ ಉಂಗುರವನ್ನು ಕದಿಯುವ ಮನಸ್ಸಿನಿಂದ ಅದೇ ಮನೆಯ ಇನ್ನೊಂದು ಮೂಲೆಯಲ್ಲಿ ಬಚ್ಚಿಟ್ಟರೂ ಕಳವು ಮುಗಿಯಿತು. ಬಾಗಿಲ ಬಳಿ ಸಿಕ್ಕಿಬಿದ್ದವನನ್ನು ‘ಪ್ರಯತ್ನ ಮಾತ್ರ’ ಎಂದು ಬರೆಯುವ ಮೊದಲು ಇದನ್ನು ನೆನೆಯಬೇಕು.

ಕಳವು ಬೆಳೆದು ಸುಲಿಗೆ, ಸುಲಿಗೆ ಬೆಳೆದು ದರೋಡೆ

ಈ ಐದಕ್ಕೆ ಒಂದೊಂದೇ ಅಂಶ ಸೇರುತ್ತ ಹೋದಂತೆ ಹೊಸ ಅಪರಾಧಗಳು ಹುಟ್ಟುತ್ತವೆ. ಥಟ್ಟನೆ ಅಥವಾ ಬಲವಾಗಿ ಕಸಿದರೆ 304ನೇ ಕಲಂ. ಸರಗಳವಿನಂಥ ಕೃತ್ಯಗಳಿಗೆಂದೇ ಹೊಸ ಸಂಹಿತೆಯಲ್ಲಿ ಬಂದ ಕಲಂ ಇದು. ಕದಿಯಲೆಂದೋ, ಕದ್ದದ್ದನ್ನು ಒಯ್ಯಲೆಂದೋ ಯಾರಿಗಾದರೂ ಗಾಯ ಮಾಡಿದರೆ, ಅಡ್ಡಗಟ್ಟಿದರೆ, ಅಥವಾ ತಕ್ಷಣದ ಸಾವು, ಗಾಯ, ತಡೆಯ ಭಯ ಹುಟ್ಟಿಸಿದರೆ 309, ಅಂದರೆ ಸುಲಿಗೆ. ಆ ಸುಲಿಗೆಯಲ್ಲಿ ಐದು ಅಥವಾ ಹೆಚ್ಚು ಮಂದಿ ಕೂಡಿದ್ದರೆ 310, ಅಂದರೆ ದರೋಡೆ, ಜೀವಾವಧಿಯವರೆಗೂ ಶಿಕ್ಷೆ.

ನ್ಯಾಮತಿಗೆ ಮರಳೋಣ. ಬಂಧಿತರು ಆರು ಮಂದಿ. ‘ಐದು ಅಥವಾ ಹೆಚ್ಚು’ ಎಂಬ ಲೆಕ್ಕ ತುಂಬುತ್ತದೆ. ಆದರೆ ದರೋಡೆಯೊಳಗೆ ಸುಲಿಗೆ ಇರಲೇಬೇಕು. ಸುಲಿಗೆಗೆ ಹೆದರುವ, ಪೆಟ್ಟು ತಿನ್ನುವ, ತಡೆಗೊಳಗಾಗುವ ಒಬ್ಬ ಮನುಷ್ಯ ಬೇಕು. ಖಾಲಿ ಬ್ಯಾಂಕಿನಲ್ಲಿ ಅಂಥವರು ಯಾರೂ ಇರಲಿಲ್ಲ. ಆರಲ್ಲ, ಅರವತ್ತು ಮಂದಿ ಇದ್ದರೂ ಅಲ್ಲಿ ದರೋಡೆ ಆಗುವುದಿಲ್ಲ. ಅದೇ ರಾತ್ರಿ ಒಬ್ಬ ಕಾವಲುಗಾರ ಎದುರಾಗಿ, ಅವನ ಕೈಕಾಲು ಕಟ್ಟಿಹಾಕಿದ್ದರೆ? ಆ ಒಂದೇ ಒಂದು ಸಂಗತಿಯಿಂದ ಕಳವು ಸುಲಿಗೆಯಾಗಿ, ಸುಲಿಗೆ ದರೋಡೆಯಾಗುತ್ತಿತ್ತು.

ಕನ್ನ: ಹೋದ ದಾರಿ, ಹೋದ ಹೊತ್ತು

ಹಾಗಾದರೆ ಅದು ಏನು? ಠಾಣೆಯ ಮಾತಿನಲ್ಲಿ ಹೇಳುವುದಾದರೆ ಕನ್ನ ಕಳವು. ಮನುಷ್ಯರು ಒಳಬರಲೆಂದು ಮಾಡದ ದಾರಿಯಿಂದ ನುಗ್ಗುವುದು, ಗೋಡೆ ಹತ್ತುವುದು, ಬೀಗ ತೆಗೆಯುವುದು ಎಲ್ಲವೂ 330ನೇ ಕಲಮಿನ ಕನ್ನದ ಬಗೆಗಳು. ಸರಳು ತೆಗೆದ ಕಿಟಕಿ ಇಲ್ಲಿ ಸರಿಯಾಗಿ ಕೂರುತ್ತದೆ. ಕಳವಿಗಾಗಿ ಕನ್ನ ಹಾಕಿದ್ದು ಹಗಲಾದರೆ 331(3)ರಲ್ಲಿ 10 ವರ್ಷದವರೆಗೆ ಶಿಕ್ಷೆ; ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲಾದರೆ 331(4)ರಲ್ಲಿ 14 ವರ್ಷದವರೆಗೆ. ಸ್ವತ್ತನ್ನು ಕಾಪಿಡುವ ಕಟ್ಟಡದೊಳಗಿನ ಕಳವಿಗೆ 305ರಲ್ಲಿ 7 ವರ್ಷದವರೆಗೆ. ಆರೂ ಮಂದಿಯನ್ನು ಒಟ್ಟಿಗೆ ಹೊಣೆಯಾಗಿಸಲು ಸಮಾನ ಉದ್ದೇಶದ 3(5) ಇದೆ. ದರೋಡೆ ಅಲ್ಲ ಎಂದ ಮಾತ್ರಕ್ಕೆ ಅಪರಾಧ ಹಗುರವಾಗಲಿಲ್ಲ ಎಂಬುದನ್ನು ಗಮನಿಸಿ.

ಒಂದೊಂದು ಅಂಶಕ್ಕೂ ಸಾಕ್ಷ್ಯ

ಅಂಶಗಳ ಪಟ್ಟಿ ತನಿಖಾಧಿಕಾರಿಗೆ ಕೆಲಸದ ಪಟ್ಟಿಯೂ ಹೌದು. ಇಂಥದೊಂದು ಪ್ರಕರಣದಲ್ಲಿ ಸ್ವಾಧೀನ ತೋರಿಸಲು ಬ್ಯಾಂಕಿನ ಚಿನ್ನದ ಸಾಲದ ಲೆಕ್ಕಪತ್ರ ಬೇಕು. ಯಾವ ಗ್ರಾಹಕರ ಯಾವ ಒಡವೆ, ಎಷ್ಟು ಗ್ರಾಂ ಎಂಬುದು ಸಿಕ್ಕ ಮಾಲಿನ ಜತೆ ತಾಳೆಯಾಗಬೇಕು. ಕನ್ನ ತೋರಿಸಲು ಕಿಟಕಿ ಮತ್ತು ಲಾಕರ್‌ಗಳ ಸ್ಥಳ ಮಹಜರು, ಚಿತ್ರೀಕರಣ, ಬೆರಳಚ್ಚು. ರಾತ್ರಿಯೆಂದು ತೋರಿಸುವುದು ಎಲ್ಲಕ್ಕಿಂತ ಕಷ್ಟ. ಬ್ಯಾಂಕು ಎರಡು ಹಗಲು ಮುಚ್ಚಿತ್ತು, ಡಿವಿಆರ್ ಹೋಗಿದೆ. ಹಾಗಾಗಿ ಹೊತ್ತನ್ನು ಹೊರಗಿನಿಂದ ಹುಡುಕಬೇಕು: ದಾರಿಯ ಕ್ಯಾಮೆರಾ, ಟೋಲ್, ಮೊಬೈಲ್ ಟವರ್, ನೆರೆಯವರ ಮಾತು. ಒಂದು ಕಲಮಿನ ‘ಸೂರ್ಯಾಸ್ತದ ನಂತರ’ ಎಂಬ ಎರಡು ಪದಗಳಿಗಾಗಿ ಇಷ್ಟೆಲ್ಲ ತಿರುಗಾಟ.

7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಸರಿಯಾದ ಕಲಂ ಗುರುತಿಸದಿದ್ದರೆ ಈ ಕರೆಯೂ ಹೋಗುವುದಿಲ್ಲ. ಆರೋಪಿ ಪೊಲೀಸರ ಮುಂದೆ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ಸಾಕ್ಷ್ಯವಲ್ಲ. ಬಂಧನದಲ್ಲಿರುವ ಅವನ ಮಾತಿನಿಂದ ಬಾವಿಯೊಳಗಿನ ಮಾಲು ಸಿಕ್ಕರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಷ್ಟೇ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಡಿ ಉಳಿಯುತ್ತದೆ. ‘ಅಲ್ಲಿ ಹಾಕಿದ್ದೇನೆ’ ಎಂಬುದು ಉಳಿಯುತ್ತದೆ, ‘ನಾನೇ ಕದ್ದೆ’ ಎಂಬುದು ಉಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರ. ಘಟನೆಗೆ ಕಲಂ ಹುಡುಕಬೇಕೇ ಹೊರತು ಕಲಮಿಗಾಗಿ ಘಟನೆಯನ್ನು ತಿದ್ದಬಾರದು. ಫಿರ್ಯಾದಿ ಚಾಕುವಿನ ಮಾತೇ ಎತ್ತದಿರುವಾಗ ‘ಚಾಕು ತೋರಿಸಿ’ ಎಂದು ಬರೆದುಕೊಂಡರೆ ಕಳವು ಕಾಗದದ ಮೇಲೆ ಸುಲಿಗೆಯಾಗುತ್ತದೆ, ನಿಜ. ಪಾಟೀಸವಾಲಿನಲ್ಲಿ ಆ ಚಾಕು ಸುಳ್ಳಾದ ದಿನ, ನಿಜವಾದ ಕಳವೂ ಅದರೊಂದಿಗೆ ಬಿದ್ದುಹೋಗುತ್ತದೆ.

ಮೆಕ್ಕೆಜೋಳದ ಬಾಕಿ

ಕಳವಿಗಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಹಣದ ತಕರಾರು. ದಾವಣಗೆರೆ ಮೆಕ್ಕೆಜೋಳದ ಸೀಮೆ. ಮಾಲು ಕೊಟ್ಟು ಹಣಕ್ಕೆ ಅಲೆಯುವ ರೈತ ಠಾಣೆಗೆ ಬರುವುದು ಅಪರೂಪವಲ್ಲ. ಮೂರು ಸನ್ನಿವೇಶ ಊಹಿಸಿಕೊಳ್ಳಿ. ವ್ಯಾಪಾರಿ ಮೊದಲ ದಿನದಿಂದಲೇ ಕೊಡದಿರುವ ಮನಸ್ಸಿಟ್ಟುಕೊಂಡು, ಇಲ್ಲದ ಅಂಗಡಿಯ ಹೆಸರು ಹೇಳಿ ಲಾರಿ ತುಂಬಿಸಿಕೊಂಡು ಹೋದರೆ ಅದು ವಂಚನೆ, 318. ರೈತ ಕಾಪಿಡಲೆಂದು ಗೋದಾಮಿನಲ್ಲಿಟ್ಟ ಚೀಲಗಳನ್ನು ಗೋದಾಮಿನವನು ಗುಟ್ಟಾಗಿ ಮಾರಿಕೊಂಡರೆ ಅದು ನಂಬಿಕೆ ದ್ರೋಹ, 316. ಪ್ರಾಮಾಣಿಕವಾಗಿಯೇ ಕೊಂಡ ವ್ಯಾಪಾರಿ ದರ ಕುಸಿದು ಕೈಸೋತರೆ ಅದು ಬಾಕಿ. ಅದರ ದಾರಿ ಸಿವಿಲ್ ನ್ಯಾಯಾಲಯ.

ವಂಚನೆಯಲ್ಲಿ ಕೆಟ್ಟ ಉದ್ದೇಶ ಮೊದಲೇ ಇರುತ್ತದೆ, ಅದರಿಂದಲೇ ಸ್ವತ್ತು ಕೈಸೇರುತ್ತದೆ. ನಂಬಿಕೆ ದ್ರೋಹದಲ್ಲಿ ಸ್ವತ್ತು ಸಲ್ಲುವ ರೀತಿಯಲ್ಲೇ ಕೈಸೇರಿ, ಉದ್ದೇಶ ಆಮೇಲೆ ಕೆಡುತ್ತದೆ. ಒಂದೇ ವ್ಯವಹಾರಕ್ಕೆ ಎರಡನ್ನೂ ಹಚ್ಚಲಾಗದು. ದೆಹಲಿ ರೇಸ್ ಕ್ಲಬ್‌ಗೆ ಕುದುರೆಗಳ ಧಾನ್ಯ, ಓಟ್ಸ್ ಸರಬರಾಜು ಮಾಡಿದವರ 9 ಲಕ್ಷ ಚಿಲ್ಲರೆ ರೂಪಾಯಿ ಬಾಕಿಯ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋದಾಗ, 2024ರ ಆಗಸ್ಟ್ 23ರಂದು ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಮನೋಜ್ ಮಿಶ್ರಾ ಅವರ ಪೀಠ ಇದನ್ನೇ ಹೇಳಿ ಮೊಕದ್ದಮೆ ರದ್ದುಪಡಿಸಿತು. ಮಾರಾಟವಾದ ಮಾಲು ಕೊಂಡವರದೇ ಆಗುತ್ತದೆ, ಅಲ್ಲಿ ಒಪ್ಪಿಸಿಟ್ಟ ಸ್ವತ್ತು ಎಂಬ ಅಂಶವೇ ಇಲ್ಲ ಎಂಬುದು ತರ್ಕ. ಈ ಎರಡರ ವ್ಯತ್ಯಾಸ ತಿಳಿಯಲು ದೇಶದ ಪೊಲೀಸ್ ಅಧಿಕಾರಿಗಳಿಗೆ ಸರಿಯಾದ ಕಾನೂನು ತರಬೇತಿ ಬೇಕು ಎಂದೂ ಪೀಠ ಬರೆಯಿತು.

ಒಂದೇ ಸಾವು, ಮೂರು ಕಲಂ

ಉದ್ದೇಶದ ತೂಕ ಎಲ್ಲಕ್ಕಿಂತ ಹೆಚ್ಚು ಕಾಣುವುದು ಸಾವಿನ ಪ್ರಕರಣಗಳಲ್ಲಿ. ಹರಿಹರದ ಬಳಿ ಹೆದ್ದಾರಿಯಲ್ಲಿ ಒಬ್ಬರು ವಾಹನಕ್ಕೆ ಸಿಕ್ಕಿ ಸತ್ತರು ಎಂದುಕೊಳ್ಳಿ. ಚಾಲಕನ ಅಜಾಗರೂಕತೆಯಿಂದಾದರೆ 106. ಸಾವು ಬರಬಹುದೆಂಬ ಅರಿವಿದ್ದೂ ಜನರ ನಡುವೆ ನುಗ್ಗಿಸಿದ್ದರೆ 105 ಆಗಬಹುದು. ಹಳೆಯ ಹಗೆಯಿಂದ ಕಾದು ಗುದ್ದಿ ಕೊಂದಿದ್ದರೆ 103. ಹೆಣ, ವಾಹನ, ರಸ್ತೆ ಒಂದೇ. ಬ್ರೇಕಿನ ಗುರುತು, ಹಿಂದಿನ ಜಗಳ, ಆ ದಿನದ ಫೋನ್ ಕರೆಗಳನ್ನು ಹುಡುಕುವುದು ಚಾಲಕನ ಮನಸ್ಸನ್ನು ತಿಳಿಯಲು. ಮನಸ್ಸಿಗೆ ಮಹಜರು ಮಾಡಲಾಗದು. ಅದನ್ನು ನಡತೆಯಿಂದಲೇ ಓದಬೇಕು.

ಬಿಡಿಸಿ ನೋಡಿ

*1. ದೇವರಾಜ ಅರಸು ಬಡಾವಣೆಯಲ್ಲಿ ಬೆಳಗಿನ ನಡಿಗೆಗೆ ಹೊರಟ ಮಹಿಳೆಯ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು.* ಬರೀ ಕಸಿದರೆ 304. ಸರ ಕೀಳಲೆಂದೇ ಆಕೆಗೆ ಹೊಡೆದರೆ ಅಥವಾ ತಳ್ಳಿ ಗಾಯ ಮಾಡಿದರೆ 309. ಹಾಗಾಗಿ ವೈದ್ಯಕೀಯ ತಪಾಸಣೆ ತಪ್ಪಿಸಬಾರದು.

*2. ಮನೆಯ ಬೀಗ ಒಡೆದು ಒಳನುಗ್ಗಿ ಕಪಾಟು ತೆರೆದವನಿಗೆ ಒಳಗೆ ಏನೂ ಸಿಗಲಿಲ್ಲ.* ಕಳವು ಮುಗಿದಿಲ್ಲ, ಆದರೆ 62ನೇ ಕಲಮಿನ ಪ್ರಯತ್ನ ಇದೆ. ಕನ್ನ ಅಂತೂ ಮುಗಿದಿದೆ.

*3. ಹರಿಹರ ಬಸ್ ನಿಲ್ದಾಣದಲ್ಲಿ ಬಿದ್ದು ಸಿಕ್ಕ ಪರ್ಸನ್ನು, ಒಳಗೆ ಗುರುತಿನ ಚೀಟಿ ಇದ್ದರೂ, ಒಬ್ಬ ತನ್ನದಾಗಿಸಿಕೊಂಡ.* ಎತ್ತಿಕೊಂಡಾಗ ಅದು ಯಾರ ಸ್ವಾಧೀನದಲ್ಲೂ ಇರಲಿಲ್ಲ, ಕಳವಲ್ಲ. ಒಡೆಯ ಯಾರೆಂದು ತಿಳಿದೂ ಬಳಸಿಕೊಂಡದ್ದರಿಂದ 314, ಸ್ವತ್ತಿನ ದುರ್ವಿನಿಯೋಗ.

*4. ಊರ ಹೊರಗೆ ಕತ್ತಲಲ್ಲಿ ಮಚ್ಚು, ಖಾರದ ಪುಡಿ ಹಿಡಿದು ಕೂತಿದ್ದ ನಾಲ್ವರು ಸಿಕ್ಕರು. ‘ಇನ್ನೊಬ್ಬ ಓಡಿಹೋದ’ ಎಂದು ವರದಿ.* ದರೋಡೆಗೆ ಸೇರುವುದೇ 310(5)ರಲ್ಲಿ ಅಪರಾಧ, ಆದರೆ ಐದು ಮಂದಿ ಬೇಕು. ಓಡಿಹೋದವನು ಯಾರು, ಅವನು ಅಲ್ಲಿದ್ದದ್ದಕ್ಕೆ ಏನು ಆಧಾರ ಎಂದು ತೋರಿಸಲಾಗದಿದ್ದರೆ ಕೈಗೆ ಸಿಕ್ಕ ನಾಲ್ವರ ಮೇಲೂ ಈ ಕಲಂ ನಿಲ್ಲದು. ಐದನೆಯವನೂ ಒಂದು ಅಂಶವೇ. ಅವನಿಗೂ ಸಾಕ್ಷ್ಯ ಬೇಕು.